ತೊಳೆದಿಟ್ಟ ಬಟ್ಟಲು

೨೦೨೫ರ ಜೂನ್ ಹದಿನೈದು, ಭಾನುವಾರ. ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಸಿಂಗಪುರದ ಪಾಸಿರ್ ರಿಸ್ ಕಡೆಯ ಪೊಲೀಸ್ ಠಾಣೆಯ ಕೌಂಟರಿಗೆ ಮೂವರು ಬಂದರು. ಗಂಡ, ಹೆಂಡತಿ, ಹತ್ತು ವರ್ಷದ ಮಗಳು. ಮೂವರ ಕಾಲಿಗೂ ಕಡಲದಂಡೆಯ ಮರಳು ಮೆತ್ತಿತ್ತು. ಮಗಳ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಕೌಂಟರಿನಲ್ಲಿದ್ದ ಸಾರ್ಜೆಂಟ್ ಟಾನ್ ದೂರು ಕೇಳಿ ಪೆನ್ನು ಕೆಳಗಿಟ್ಟ. ಕಾಣೆಯಾಗಿರುವುದು ನಾಯಿ. ನಾಯಿ ಕಳೆದರೆ ತಿಳಿಸಬೇಕಾದ ಇಲಾಖೆ ಬೇರೆ, ಅದರ ಫೋನ್ ನಂಬರ್ ಬೇರೆ. ಈ ಊರಿನಲ್ಲಿ ಯಾವ ಕಷ್ಟಕ್ಕೆ ಯಾವ ಬಾಗಿಲು ತಟ್ಟಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ತಪ್ಪು ಬಾಗಿಲಿಗೆ ಬಂದವರಿಗೆ ಸರಿಯಾದ ಬಾಗಿಲು ತೋರಿಸುವುದೇ ಅರ್ಧ ಪೊಲೀಸ್ ಕೆಲಸ. ಟಾನ್ ಒಂದು ಚೀಟಿಯಲ್ಲಿ ಆ ನಂಬರ್ ಬರೆಯತೊಡಗಿದ.

"ಅದು ಓಡಿಹೋಗಿಲ್ಲ ಅಂತ ಹೇಳ್ರೀ ಇವ್ರಿಗೆ," ಎಂದಳು ಹೆಂಡತಿ, ಗಂಡನ ಕಡೆ ತಿರುಗಿ, ಕನ್ನಡದಲ್ಲಿ. "ನಾಲ್ಕು ಹೆಜ್ಜೆ ನಡೆಯೋಕಾಗಲ್ಲ ಅವನಿಗೆ. ಎಲ್ಲಿಗೆ ಓಡ್ತಾನೆ?"

ಒಳಗಿನ ಕೋಣೆಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ವಿಶ್ವಜಿತ್ ತಲೆಯೆತ್ತಿದ. ಅವನು ಸಿಂಗಪುರದಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅವನಿಗೆ ಊಟದ ಮನೆಯ ಭಾಷೆ, ಉಡುಪಿ ಕಡೆಯಿಂದ ಬಂದ ತಾಯಿ ವಿಮಲಾ ಬಡಿಸುತ್ತ ಬಡಿಸುತ್ತ ಕಲಿಸಿದ್ದು. ಠಾಣೆಯಲ್ಲಿ ಆ ಭಾಷೆ ಕಿವಿಗೆ ಬಿದ್ದದ್ದು ಹನ್ನೊಂದು ವರ್ಷದ ನೌಕರಿಯಲ್ಲಿ ಇದೇ ಮೊದಲು. ಎದ್ದು ಬಂದ.

"ಕೂತ್ಕೊಳ್ಳಿ. ಮೊದಲಿಂದ ಹೇಳಿ."

ಹೆಂಡತಿಯ ಹೆಸರು ಅರುಂಧತಿ, ಗಂಡ ದ್ವಾರಕನಾಥ್, ಮಗಳು ಭೂಮಿ. ಬೆಂಗಳೂರಿನವರು, ಇಬ್ಬರೂ ಐಟಿ ಕೆಲಸದವರು, ಬಿಶಾನ್‌ನ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ವಾಸ. ಶಾಲೆಗೆ ಜೂನ್ ರಜೆ. ಶುಕ್ರವಾರ ಸಂಜೆ ಒಳಗೇ ಮಲಗಬಹುದಾದ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಪಾಸಿರ್ ರಿಸ್ ಪಾರ್ಕಿನಲ್ಲಿ ಮೂರು ರಾತ್ರಿ ತಂಗಲು ಬಂದಿದ್ದರು. ಜೊತೆಗೆ ನಾಯಿ. ಹೆಸರು ಮೈಲೋ, ಕಂದು ಬಣ್ಣ, ಎಡಗಿವಿಯ ತುದಿ ಹರಿದಿದೆ, ವಯಸ್ಸು ಹನ್ನೆರಡು ಅಥವಾ ಹದಿಮೂರು.

"ಅಥವಾ ಅಂದ್ರೆ?"

"ಶೆಲ್ಟರಿಂದ ಅಡಾಪ್ಟ್ ಮಾಡಿದ್ದು. ಟ್ವೆಂಟಿ ಟ್ವೆಂಟೀಲಿ. ಆವಾಗ್ಲೇ ದೊಡ್ಡವನಿದ್ದ."

"ಕೊನೇ ಸಲ ನೋಡಿದ್ದು?"

"ರಾತ್ರಿ ಹನ್ನೊಂದಕ್ಕೆ ಮಾತ್ರೆ ಕೊಟ್ವಿ. ವ್ಯಾನಿನ ಮೆಟ್ಟಿಲು ಹತ್ತೋಕಾಗಲ್ಲ ಅಂತ ಹೊರಗಡೆ ಆನಿಂಗ್ ಕೆಳಗೆ ಹಾಸಿಗೆ ಹಾಕಿದ್ವಿ. ಲೀಶ್ ಕಟ್ಟಿದ್ವಿ. ಬೆಳಿಗ್ಗೆ ಆರು ಐವತ್ತಕ್ಕೆ ಎದ್ದು ನೋಡಿದ್ರೆ ಇಲ್ಲ," ಎಂದ ದ್ವಾರಕನಾಥ್.

"ಯಾವ ಮಾತ್ರೆ?"

ಅರುಂಧತಿ ಮಗಳ ಕಡೆ ನೋಡಿದಳು. ಟಾನ್ ಹುಡುಗಿಯನ್ನು ನೀರು ಕುಡಿಸುವ ನೆಪದಲ್ಲಿ ಆಚೆ ಕರೆದುಕೊಂಡು ಹೋದ.

"ಬೋನ್ ಕ್ಯಾನ್ಸರ್," ಎಂದಳು ಅರುಂಧತಿ. "ಹಿಂಗಾಲಲ್ಲಿ. ಎಂಟು ಗಂಟೆಗೊಂದ್ಸಲ ಪೇನ್ ಕಿಲ್ಲರ್ ಬೀಳ್ಲೇಬೇಕು. ಇಲ್ದಿದ್ರೆ ತಡ್ಕೊಳ್ಳೋಕಾಗಲ್ಲ ಅವನ ಕೈಲಿ. ನಾಳೆ ಹತ್ತೂವರೆಗೆ ಕ್ಲಿನಿಕ್‌ನಲ್ಲಿ ಅಪಾಯಿಂಟ್‌ಮೆಂಟ್ ಇದೆ. ಇಂಜೆಕ್ಷನ್. ಕೊನೇದು. ಭೂಮಿಗೆ ಇವತ್ತು ರಾತ್ರಿ ಹೇಳೋಣ ಅಂತಿದ್ವಿ. ಅದಕ್ಕೇ ಈ ಟ್ರಿಪ್ಪು. ಅವಳು ನಿಧಾನಕ್ಕೆ ಬೈ ಹೇಳ್ಲಿ ಅಂತ."

ಏಳು ಗಂಟೆಯ ಮಾತ್ರೆ ಆಗಲೇ ತಪ್ಪಿತ್ತು. ಮುಂದಿನದು ಮಧ್ಯಾಹ್ನ ಮೂರಕ್ಕೆ. ವಿಶ್ವಜಿತ್ ಮಾತ್ರೆಯ ಪೊಟ್ಟಣ ಕೇಳಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದ. ನಾಯಿ ಸಿಕ್ಕ ಜಾಗದಲ್ಲೇ ಕೊಡಬೇಕಾಗಿ ಬರಬಹುದು.

"ಲೀಶ್ ಹರಿದಿತ್ತಾ?"

"ಇಲ್ಲ. ಕೊಕ್ಕೆ ಬಿಚ್ಚಿ, ಮಡಿಚಿ ಹಾಸಿಗೆ ಮೇಲೆ ಇಟ್ಟಿದ್ರು."

ಬಿಚ್ಚಿ ಮಡಿಸಿಡಲು ಕೈ ಬೇಕು. ಎಂಟು ಗಂಟೆ ಐದು ನಿಮಿಷಕ್ಕೆ ವಿಶ್ವಜಿತ್ ಕಳ್ಳತನದ ದೂರು ದಾಖಲಿಸಿ ಎಫ್‌ಐಆರ್‌ಗೆ ನಂಬರ್ ಹಾಕಿಸಿದ. ಟಾನ್ ಹುಬ್ಬು ಏರಿಸಿದ.

ಎಂಟೂ ಇಪ್ಪತ್ತೈದಕ್ಕೆ ಪಾರ್ಕು ತಲುಪಿದರು. ಕಾರ್ ಪಾರ್ಕಿನ ಕೊನೆಯ ಅಂಕಣದಲ್ಲಿ ಬಿಳಿ ವ್ಯಾನು. ಅದರ ಪಕ್ಕಕ್ಕೆ ಬಿಚ್ಚಿ ಕಟ್ಟಿದ ಆನಿಂಗ್ ಎಂಬ ಬಟ್ಟೆಯ ಮಾಡು, ಅದರಡಿ ನೀಲಿ ಹಾಸಿಗೆ, ಅದರ ಮೇಲೆ ಕೂದಲು. ತಾಯಿಯ ಊರಿನ ಪೊಲೀಸರಾದರೆ ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಬರೆಯುತ್ತಿದ್ದರು. ಇಲ್ಲಿ ಪಂಚರಿಲ್ಲ, ಕ್ಯಾಮೆರಾ ಇದೆ. ಟಾನ್ ಹಾಸಿಗೆ, ಹಗ್ಗ, ಮೆಟ್ಟಿಲು ಎಲ್ಲದರ ಫೋಟೊ ತೆಗೆದು ನಕ್ಷೆ ಬರೆದ. ಮೆಟ್ಟಿಲ ಮೇಲೆ ನಾಯಿಯ ಸ್ಟೀಲ್ ಬಟ್ಟಲು ಕವುಚಿ ಇತ್ತು.

ವಿಶ್ವಜಿತ್ ಅರುಂಧತಿಯನ್ನು ಕೇಳಿದ, "ಶುಕ್ರವಾರದಿಂದ ಹೊರಗಿನವರು ಯಾರಾದ್ರೂ ಹತ್ರ ಬಂದಿದ್ರಾ?"

"ಇಲ್ಲ. ಯಾರೂ ಬಂದಿಲ್ಲ."

"ದಾರೀಲಿ ಹೋಗೋರು ಯಾರಾದ್ರೂ ನಾಯಿಯನ್ನ ಮುಟ್ಟಿ ಮಾತಾಡಿಸಿದ್ದು?"

"ಜಾಗಿಂಗ್ ಮಾಡೋರು ಒಬ್ಬಿಬ್ರು ಹಾಯ್ ಅಂದ್ರು. ಅಷ್ಟೇ."

ಭೂಮಿ ಕವುಚಿದ ಬಟ್ಟಲನ್ನೇ ನೋಡುತ್ತ ನಿಂತಿದ್ದಳು. "ಅವ್ನು ಎರಡು ದಿನದಿಂದ ಏನೂ ತಿಂದಿಲ್ಲ, ಅಂಕಲ್," ಎಂದಳು, ಸಿಂಗಪುರದ ಮಕ್ಕಳ ಧಾಟಿಯಲ್ಲಿ. "ಚಿಕನ್ ಫ್ಲೇವರ್ ಬಿಸ್ಕೆಟ್ ಕೊಟ್ಟೆ. ಮೊಸರನ್ನ ಕೊಟ್ಟೆ. ಜಸ್ಟ್ ಒನ್ ಬೈಟ್ ಲಾ ಅಂದೆ. ಮುಖ ತಿರುಗಿಸ್ಕೊಂಡ. ಹೊಟ್ಟೆ ಹಸಿದಿದ್ರೆ ಯಾರತ್ರ ಕೇಳ್ತಾನೆ?"

ವಿಶ್ವಜಿತ್ ಬೇರೆ ಪ್ರಶ್ನೆ ಕೇಳಿದ. "ರಾತ್ರಿ ಏನಾದ್ರೂ ಶಬ್ದ ಕೇಳಿಸ್ತಾ ಪುಟ್ಟಿ? ಮೈಲೋ ಬೊಗಳಿದ್ದು?"

"ಅವ್ನು ಬೊಗಳಿ ಒಂದ್ ತಿಂಗಳಾಯ್ತು. ಡೋರ್ ಸೌಂಡ್ ಕೇಳಿಸ್ತು, ಆರು ಗಂಟೆಗೆ. ಅಪ್ಪ ಎದ್ದು ಹೋದ್ರು."

ಗಂಡ ಮಾತ್ರ ತಾನು ಎದ್ದದ್ದು ಆರು ಐವತ್ತಕ್ಕೆ ಎಂದಿದ್ದ. ವಿಶ್ವಜಿತ್ ದ್ವಾರಕನಾಥನನ್ನು ದೂರದ ಬೆಂಚಿಗೆ ಕರೆದೊಯ್ದ.

"ಆರು ಗಂಟೆಗೆ ಎಲ್ಲಿ ಹೋಗಿದ್ರಿ?"

"ಕ್ಲಿನಿಕ್ಕಿಗೆ ಕಾಲ್ ಮಾಡೋಕೆ. ಎಮರ್ಜೆನ್ಸಿ ಲೈನ್ ಇದೆ. ನಾಳೆ ಬದಲು ಇವತ್ತೇ ಆಗುತ್ತಾ ಅಂತ ಕೇಳಿದೆ."

"ಯಾಕೆ?"

"ರಾತ್ರಿ ಅವನ ಉಸಿರಾಟ ಕೇಳಿಸ್ತಿತ್ತು. ನನ್ನಿಂದ ಆಗ್ಲಿಲ್ಲ."

"ಹೆಂಡತಿಗೆ ಹೇಳಿದ್ರಾ?"

"ಇಲ್ಲ. ಡ್ರೈವರ್ ಸೈಡ್ ಡೋರಿಂದ ಇಳಿದು ಹೋದೆ."

"ಆಗ ನಾಯಿ ಹಾಸಿಗೆ ಮೇಲೆ ಇತ್ತಾ?"

"ಗೊತ್ತಿಲ್ಲ." ಅವನು ಕನ್ನಡಕ ತೆಗೆದು ಅಂಗಿಯಿಂದ ಒರೆಸಿದ. ಅದು ಒದ್ದೆಯಾಗಿತ್ತು. "ನಾನು ಆ ಕಡೆ ನೋಡ್ಲೇ ಇಲ್ಲ ಸರ್. ನೋಡೋಕೆ ಧೈರ್ಯ ಇರ್ಲಿಲ್ಲ."

ಫೋನಿನಲ್ಲಿ ಆರೂ ಐದಕ್ಕೆ ಮಾಡಿದ ಕರೆ ಇತ್ತು. ಕ್ಲಿನಿಕ್ಕಿನವರೂ ಹೌದೆಂದರು. ಇದು ಕದಿಯುವ ಮನುಷ್ಯನ ಮಾತಲ್ಲ ಎಂದು ವಿಶ್ವಜಿತ್‌ಗೆ ಅನಿಸಿತು. ಆದರೆ ಅನಿಸಿಕೆಯನ್ನು ಡೈರಿಯಲ್ಲಿ ಬರೆಯುವಂತಿಲ್ಲ. ಪರಿಶೀಲಿಸಲಾಯಿತು ಎಂದಷ್ಟೇ ಬರೆದ.

ಅವನು ವಾಪಸ್ ಬರುವಷ್ಟರಲ್ಲಿ ಟಾನ್ ತನ್ನ ಕೆಲಸ ಮುಗಿಸಿದ್ದ. ಹತ್ತಿರದ ಮರದ ಬುಡದಲ್ಲಿ ಒಂದಿಷ್ಟು ಅನ್ನದ ಅಗುಳು ಬಿದ್ದಿತ್ತು, ಇರುವೆ ಮುತ್ತಿತ್ತು. ಅದನ್ನೂ ಚೀಲಕ್ಕೆ ಹಾಕಿ, ಪಟ್ಟಿಯ ಹನ್ನೊಂದನೆಯ ಸಾಲಿನಲ್ಲಿ 'ಅನ್ನ, ಸ್ವಲ್ಪ' ಎಂದು ಬರೆದಿದ್ದ. ಪಾರ್ಕಿನಲ್ಲಿ ಜನ ತಿನ್ನುತ್ತಾರೆ, ಚೆಲ್ಲುತ್ತಾರೆ. ವಿಶ್ವಜಿತ್ ಪಟ್ಟಿಗೆ ಸಹಿ ಹಾಕಿದ, ಚೀಲ ಬಿಚ್ಚಿ ನೋಡಲಿಲ್ಲ. ಆ ದಿನದ ದೊಡ್ಡ ತಪ್ಪು ಅದೇ, ಮತ್ತು ಅದು ಅವನದೇ.

ಕಾರ್ ಪಾರ್ಕಿನ ಗೇಟಿನಲ್ಲಿ ಒಳಬರುವ ಹೊರಹೋಗುವ ಪ್ರತಿ ವಾಹನದ ನಂಬರ್ ದಾಖಲಾಗುತ್ತದೆ. ನಡೆಯಲಾಗದ ಇಪ್ಪತ್ತು ಕಿಲೋ ತೂಕದ ನಾಯಿಯನ್ನು ಸಾಗಿಸಲು ವಾಹನ ಬೇಕೇ ಬೇಕು ಎಂಬುದು ವಿಶ್ವಜಿತ್‌ನ ಲೆಕ್ಕ. ಬೆಳಿಗ್ಗೆ ಐದರಿಂದ ಏಳರವರೆಗೆ ಹೊರಹೋದವು ನಲವತ್ತೊಂದು. ಠಾಣೆಯಲ್ಲಿ ಕಾರ್ಪೊರಲ್ ರೊಹಾಯಾ ಮತ್ತು ಟಾನ್ ಒಂದೊಂದೇ ಮಾಲೀಕರಿಗೆ ಫೋನು ಹಚ್ಚಿದರು. ಭಾನುವಾರದ ಬೆಳಿಗ್ಗೆ ಪೊಲೀಸರ ಫೋನು ಬಂದರೆ ಯಾರಿಗೆ ಖುಷಿ? ಒಬ್ಬಾಕೆ ಅತ್ತೇಬಿಟ್ಟಳು, ಮಗ ಏನೋ ಮಾಡಿಕೊಂಡ ಎಂದು. ಆರೂ ಇಪ್ಪತ್ತಕ್ಕೆ ಹೊರಹೋದ ಒಂದು ವ್ಯಾನಿನ ಮೇಲೆ ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿಯ ಹೆಸರಿತ್ತು. ವಿಶ್ವಜಿತ್ ಅದರ ಬೆನ್ನು ಹತ್ತಿ ತಾಂಪಿನೀಸ್‌ವರೆಗೂ ಹೋದ. ಮಾಲೀಕ ಬಾಗಿಲು ತೆಗೆದದ್ದು ಹನ್ನೊಂದೂವರೆಗೆ, ಕೈಯಲ್ಲಿ ಗಾಳ. ಮೀನು ಹಿಡಿಯಲು ಹೋಗಿದ್ದನಂತೆ. ಒಂದೂ ಸಿಕ್ಕಿರಲಿಲ್ಲ, ಅವನಿಗೂ, ಇವನಿಗೂ.

ಹತ್ತು ಹತ್ತು ನಿಮಿಷಕ್ಕೆ ಅರುಂಧತಿಯ ಮೆಸೇಜು ಬರುತ್ತಿತ್ತು. 'ಎನಿ ನ್ಯೂಸ್ ಸರ್?' ಹನ್ನೆರಡಾದ ಮೇಲೆ ಬರುವುದು ನಿಂತಿತು. ಬರುವುದಕ್ಕಿಂತ ನಿಂತದ್ದೇ ಕಷ್ಟವಾಯಿತು.

ಒಂದೂ ಹತ್ತಕ್ಕೆ ಠಾಣೆಗೆ ಮರಳಿ, ಮೇಜಿನ ಮೇಲೆ ಊಟದ ಡಬ್ಬಿ ತೆರೆದ. ಭಾನುವಾರ ವಿಮಲಾ ಕಟ್ಟಿಕೊಡುವುದು ಒಂದೇ ಬಗೆ: ಕುಚಲಕ್ಕಿ ಅನ್ನ, ಒಣಮೀನಿನ ಚಟ್ನಿ. ಆ ಅಕ್ಕಿಗೆ ಅವಳು ಲಿಟಲ್ ಇಂಡಿಯಾದ ಒಂದೇ ಒಂದು ಅಂಗಡಿಗೆ ಹೋಗುತ್ತಾಳೆ, ಬೇರೆಲ್ಲಿಯದೂ ಬಾಯಿಗೆ ಹತ್ತದು. ದಪ್ಪ ಕೆಂಪು ಅಗುಳು. ವಿಶ್ವಜಿತ್ ಒಂದು ತುತ್ತು ಎತ್ತಿದವನು ಹಾಗೆಯೇ ಇಳಿಸಿ, "ಟಾನ್, ಹನ್ನೊಂದನೆಯ ಚೀಲ," ಎಂದ.

ಟಾನ್ ತಂದ. "ಬ್ರೌನ್ ರೈಸ್, ಸರ್. ಆರೋಗ್ಯದ ಹುಚ್ಚಿನವರು ತಿನ್ನುವುದು," ಎಂದ ಇಂಗ್ಲಿಷಿನಲ್ಲಿ.

ವಿಶ್ವಜಿತ್ ಚೀಲದ ಬಾಯಿ ಸ್ವಲ್ಪ ತೆರೆದು ಮೂಸಿದ. ಒಣಮೀನು. ಡಬ್ಬಿಯಲ್ಲಿದ್ದದ್ದೇ ಚೀಲದಲ್ಲೂ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಐದು ಗಂಟೆ ಕಾಲ ಸಾಕ್ಷ್ಯವನ್ನು ಠಾಣೆಯಲ್ಲಿಟ್ಟುಕೊಂಡು ನಲವತ್ತೊಂದು ಮನೆಯವರ ಭಾನುವಾರ ಕೆಡಿಸಿದ್ದ.

ಈಗ ಕವುಚಿದ ಬಟ್ಟಲೂ ನೆನಪಾಯಿತು. ಫೋಟೊ ತೆಗೆದು ನೋಡಿದ. ಬಟ್ಟಲು ಫಳಫಳ ಎನ್ನುತ್ತಿತ್ತು. ಯಾರೋ ಗಂಜಿ ತಂದಿದ್ದಾರೆ, ನಾಯಿಗೆ ಉಣ್ಣಿಸಿದ್ದಾರೆ, ಉಳಿದ ಎಂಜಲನ್ನು ಮರದ ಬುಡಕ್ಕೆ ಚೆಲ್ಲಿ, ಬಟ್ಟಲನ್ನು ನಲ್ಲಿಯಲ್ಲಿ ತೊಳೆದು, ನೀರು ಸೋರಲೆಂದು ಮೆಟ್ಟಿಲ ಮೇಲೆ ಕವುಚಿ ಇಟ್ಟಿದ್ದಾರೆ. ಉಂಡ ಪಾತ್ರೆಯನ್ನು ಎಂಜಲಾಗಿ ಬಿಟ್ಟು ಎದ್ದರೆ ವಿಮಲಾ ಈಗಲೂ ಮೂವತ್ತೈದರ ಮಗನನ್ನು ಬಿಡುವುದಿಲ್ಲ. ಕದಿಯಲು ಬಂದ ಯಾವ ಕಳ್ಳ ಪಾತ್ರೆ ತೊಳೆದಿಟ್ಟು ಹೋಗುತ್ತಾನೆ? ಇವನು ಕದಿಯಲು ಬಂದವನಲ್ಲ.

ಒಂದೂ ಇಪ್ಪತ್ತಕ್ಕೆ ಅರುಂಧತಿಗೆ ಫೋನ್ ಮಾಡಿದ.

"ನಿಮ್ಮ ಮನೇಲಿ ಕುಚಲಕ್ಕಿ, ಒಣಮೀನು ಮಾಡ್ತೀರಾ?"

"ನಾವು ವೆಜಿಟೇರಿಯನ್ ಸರ್. ಮೀನು ಒಳಗೇ ಬರಲ್ಲ."

"ಶುಕ್ರವಾರದಿಂದ ಊರಿನ ಕಡೆಯವರು ಯಾರಾದ್ರೂ ಸಿಕ್ಕಿದ್ರಾ? ಮಂಗಳೂರು, ಉಡುಪಿ ಕಡೆಯವರು?"

"ಇಲ್ಲ... ಓ. ಆ ವ್ಯಾನ್ ಅಂಕಲ್ ಇದ್ರಲ್ಲ! ವ್ಯಾನ್ ಜೊತೆ ಬಂದು ಆನಿಂಗ್ ಕಟ್ಟಿ ಕೊಟ್ರು. ಕಾರ್ಕಳ ಅಂತಿದ್ರು."

"ಬೆಳಿಗ್ಗೆ ಕೇಳಿದಾಗ ಹೇಳ್ಲಿಲ್ಲ ನೀವು."

"ನೀವು ಹೊರಗಿನವರು ಅಂದ್ರಿ," ಎಂದಳು ಅರುಂಧತಿ. "ಅವ್ರು ಕನ್ನಡದವ್ರು ಸರ್. ಅವ್ರ ಹತ್ರ ನಾನು..." ದನಿ ಇಳಿಯಿತು. "ಭೂಮಿ ಬೀಚ್ ಹತ್ರ ಹೋಗಿದ್ಲು. ಅವ್ರು ಮೈಲೋ ಪಕ್ಕ ಕೂತು ತಲೆ ಸವರ್ತಾ ಏನಾಗಿದೆ ಅಮ್ಮ ಅಂತ ಕೇಳಿದ್ರು. ನಾನು ಎಲ್ಲಾ ಹೇಳ್ಬಿಟ್ಟೆ. ಸೋಮವಾರದ್ದೂ. ಅತ್ತೂಬಿಟ್ಟೆ. ಆಫೀಸಲ್ಲಿ ಯಾರ ಹತ್ರಾನೂ ಅಳೋಕಾಗಿರ್ಲಿಲ್ಲ."

"ಮಾತ್ರೆ ವಿಷಯ?"

"ಅದು... ಇಲ್ಲ. ಅದು ಹೇಳ್ಲಿಲ್ಲ ಅನ್ಸುತ್ತೆ."

ವ್ಯಾನು ಬಾಡಿಗೆ ಕೊಡುವ ಅಂಗಳ ಕಾಕಿ ಬುಕಿತ್‌ನಲ್ಲಿತ್ತು. ಭಾನುವಾರ ರಜೆ. ಅಲ್ಲಿಗೆ ಹೋಗುವ ದಾರಿಯಲ್ಲಿಯೇ ಸೂಪರ್‌ವೈಸರನನ್ನು ಫೋನಿನಲ್ಲಿ ಹಿಡಿದರು. ಆ ಕೆಲಸದವನ ಹೆಸರು ಕೂಸಪ್ಪ, ವಯಸ್ಸು ಐವತ್ತೆಂಟು. ವ್ಯಾನು ತೊಳೆಯುವುದು, ರಿಪೇರಿ, ಗಿರಾಕಿಗಳಿಗೆ ತೋರಿಸಿಕೊಡುವುದು ಅವನ ಕೆಲಸ. ಮೂರು ವರ್ಷದಿಂದ ಇದ್ದಾನೆ, ಒಂದು ದಿನ ತಡವಾಗಿ ಬಂದವನಲ್ಲ. ಮೊದಲು ಎರಡು ಓಣಿ ಹಿಂದಿನ ಕಬ್ಬಿಣದ ಯಾರ್ಡಿನಲ್ಲಿದ್ದ. ಆ ಯಾರ್ಡು ಈಗ ಮುಚ್ಚಿದೆ. ವಾಹನ ಓಡಿಸಲು ಬರುವುದಿಲ್ಲ. ಸಾಮಾನು ಸಾಗಿಸುವ ಮೂರು ಗಾಲಿಯ ಸೈಕಲ್ಲೊಂದು ಅಂಗಳದಲ್ಲಿದೆ, ಅದನ್ನು ತುಳಿಯುತ್ತಾನೆ.

ಸೈಕಲ್ಲು ಕಾರ್ ಪಾರ್ಕಿನ ಗೇಟು ದಾಟುವುದಿಲ್ಲ. ಠಾಣೆಯಲ್ಲಿ ರೊಹಾಯಾ ಸೈಕಲ್ ದಾರಿಯ ಕ್ಯಾಮೆರಾಗಳನ್ನು ಹಿಂದಕ್ಕೆ ಓಡಿಸಿ ನೋಡಿದಳು. ಎರಡೂ ನಲವತ್ತಕ್ಕೆ ಅವಳ ಕರೆ ಬಂತು. ಬೆಳಿಗ್ಗೆ ಐದು ಐವತ್ತೆಂಟಕ್ಕೆ ಒಬ್ಬ ಗಿಡ್ಡ ಮನುಷ್ಯ ಮೂರು ಗಾಲಿಯ ಸೈಕಲ್ಲನ್ನು ಪಾರ್ಕಿನಿಂದ ಹೊರಗೆ ತುಳಿದುಕೊಂಡು ಹೋಗಿದ್ದ. ಮುಂದಿನ ಪೆಟ್ಟಿಗೆಯಲ್ಲಿ ಕಂಬಳಿ. ಪ್ರತಿ ಉಬ್ಬಿನ ಹತ್ತಿರ ಇಳಿದು ಕೈಯಿಂದ ತಳ್ಳುತ್ತಿದ್ದ, ಪೆಟ್ಟಿಗೆ ಕುಲುಕದ ಹಾಗೆ.

ಅಂಗಳದಲ್ಲಿ ಅವನಿರಲಿಲ್ಲ. ಎರಡು ಐವತ್ತೈದಕ್ಕೆ, ಮುಚ್ಚಿದ ಕಬ್ಬಿಣದ ಯಾರ್ಡಿನ ಹಿಂದಿನ ಓಣಿಯಲ್ಲಿ ಆ ಸೈಕಲ್ಲು ಕಂಡಿತು. ಅದರಾಚೆ ತಗಡಿನ ಮಾಡಿನ ಕೆಳಗೆ ಕೂಸಪ್ಪ ಕೂತಿದ್ದ, ಕಾಲು ಚಾಚಿ, ತೊಡೆಯ ಮೇಲೆ ನಾಯಿಯ ತಲೆ. ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಿದ್ದ. ನಾಯಿಯ ಮೈ ಬಿಟ್ಟು ಬಿಟ್ಟು ನಡುಗುತ್ತಿತ್ತು, ಬಾಯಿ ಅರೆ ತೆರೆದಿತ್ತು.

ಪೊಲೀಸರನ್ನು ನೋಡಿ ಅವನು ಏಳಲಿಲ್ಲ. "ಸ್ವಲ್ಪ ಮೆಲ್ಲ ಬನ್ನಿ ಸರ್," ಎಂದ ಇಂಗ್ಲಿಷಿನಲ್ಲಿ. "ಹೆದರ್ತದೆ."

"ನೀವು ಕೂಸಪ್ಪ ಅಲ್ವಾ?" ವಿಶ್ವಜಿತ್ ಕನ್ನಡದಲ್ಲಿ ಕೇಳಿದ.

ಅವನ ಮುಖದಲ್ಲಿ ಒಂದು ಕ್ಷಣ ಸಮಾಧಾನ ಕಂಡಿತು. "ಹೌದು. ನಿಮ್ಮವರಲ್ಲಿ ಡಾಕ್ಟ್ರು ಯಾರಾದ್ರೂ ಉಂಟಾ ಸರ್? ಬೆಳಿಗ್ಗೆ ಚಂದ ಇತ್ತು. ಗಂಜಿ ಉಂಡಿತು. ಹತ್ತು ಗಂಟೆ ಮೇಲೆ ಹೀಗೆ ನಡುಗ್ಲಿಕ್ಕೆ ಶುರು. ಬಿಸಿಲಿಗೆ ಅಂತ ಮಾಡಿದೆ. ಅಲ್ಲ. ಎಂಥದೋ ನೋವುಂಟು ಇದಕ್ಕೆ. ನಂಗೆ ಗೊತ್ತಾಗುದಿಲ್ಲ."

ವಿಶ್ವಜಿತ್ ಜೇಬಿನಿಂದ ಪೊಟ್ಟಣ ತೆಗೆದ. "ನೋವಿನ ಮಾತ್ರೆ. ಎಂಟು ಗಂಟೆಗೊಂದು ಬೀಳ್ಬೇಕಿತ್ತು. ಬೆಳಿಗ್ಗೆ ಏಳಕ್ಕೆ ಒಂದು."

ಕೂಸಪ್ಪ ಪೊಟ್ಟಣವನ್ನು ನೋಡಿದ. ರಟ್ಟು ಬೀಸುತ್ತಿದ್ದ ಕೈ ನಿಂತಿತು. "ಆ ಅಮ್ಮ ಹೇಳ್ಲಿಲ್ಲ," ಎಂದ. "ನಾನೂ ಕೇಳ್ಲಿಲ್ಲ."

ಟಾನ್ ಕ್ಲಿನಿಕ್ಕಿಗೆ ಫೋನ್ ಹಚ್ಚಿ ಡಾಕ್ಟರನ್ನು ಹಿಡಿದ. ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ನಾಲಿಗೆಗೆ ಹಚ್ಚಿ ಎಂದರು, ತಾವೂ ಹೊರಟಿದ್ದೇವೆ ಎಂದರು. ಕೂಸಪ್ಪನೇ ಹಚ್ಚಿದ, ಬೆರಳ ತುದಿಯಿಂದ. "ಬೊಗ್ಗು, ಬೊಗ್ಗು," ಎಂದು ಕರೆದ. ನಾಯಿಯ ಬಾಲದ ತುದಿ ಒಮ್ಮೆ ನೆಲಕ್ಕೆ ಬಡಿಯಿತು.

"ಅದರ ಹೆಸರು ಮೈಲೋ ಅಲ್ವಾ?"

"ಅವರಿಗೆ ಮೈಲೋ. ಇಲ್ಲೇ ಹುಟ್ಟಿದ್ದು ಸರ್ ಇದು. ಆ ಪೈಪಿನ ರಾಶಿ ಇತ್ತು ಇಲ್ಲಿ, ಅದರೊಳಗೆ. ತಾಯಿ ಲಾರಿಗೆ ಸಿಕ್ಕಿ ಹೋಯ್ತು. ನಾನು ಗಂಜಿ ನೀರು ಕುಡಿಸಿ ಸಾಕಿದ್ದು. ಕಿವಿ ನೋಡಿ, ತಗಡಿಗೆ ಸಿಕ್ಕಿ ಹರಿದದ್ದು, ನಾನೇ ಅರಸಿನ ಹಚ್ಚಿದ್ದು."

ಪಾರ್ಕಿನಲ್ಲಿ ಮರ ಮರಕ್ಕೂ ನಾಯಿಯ ಫೋಟೊ ತೋರಿಸುತ್ತ ಅಲೆಯುತ್ತಿದ್ದ ಕುಟುಂಬಕ್ಕೆ ಮೂರು ಗಂಟೆಗೇ ತಿಳಿಸಲಾಗಿತ್ತು. ಟ್ಯಾಕ್ಸಿ ಹಿಡಿದಿದ್ದರು. ಅರುಂಧತಿ ಫೋನನ್ನು ನಾಯಿಯ ಕಿವಿಗೆ ಹಿಡಿಯಿರಿ ಎಂದಳು. ವಿಶ್ವಜಿತ್ ಹಿಡಿದ. ಆ ಕಡೆಯಿಂದ ಭೂಮಿಯ ದನಿ, "ಮೈಲೋ, ಕಮಿಂಗ್ ಲಾ, ಬರ್ತಿದೀವಿ, ವೇಟ್ ಮಾಡು, ಓಕೆ?" ಎನ್ನುತ್ತಿತ್ತು. ನಾಯಿಯ ನಡುಕ ನಿಧಾನಕ್ಕೆ ಕಡಿಮೆಯಾಯಿತು. ಮಾತ್ರೆ ಹಿಡಿಯಿತೆಂದು ಮೂವರೂ ಅಂದುಕೊಂಡರು. ಡಾಕ್ಟರು ಬಂದು ಮುಟ್ಟುವ ಮೊದಲೇ, ಮೂರೂ ಇಪ್ಪತ್ತೆರಡಕ್ಕೆ ಉಸಿರು ನಿಂತಿತು.

ಕೂಸಪ್ಪ ಮತ್ತೆ ಗಾಳಿ ಬೀಸತೊಡಗಿದ. ಟಾನ್ ಅವನ ಕೈಯಿಂದ ರಟ್ಟನ್ನು ಮೆಲ್ಲಗೆ ತೆಗೆದುಕೊಂಡ.

ಮೂರೂ ಮೂವತ್ತಕ್ಕೆ ವಿಶ್ವಜಿತ್ ಹೇಳಬೇಕಾದ ಮಾತುಗಳನ್ನು ಹೇಳಿದ. ಕಳ್ಳತನದ ಆರೋಪದ ಮೇಲೆ ಬಂಧಿಸಲಾಗಿದೆ, ಹೇಳುವುದೇನಿದ್ದರೂ ಹೇಳಬಹುದು, ಬರೆದುಕೊಳ್ಳಲಾಗುವುದು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಕನ್ನಡದಲ್ಲಿ ಹೇಳುವಾಗ ಅವು ಇನ್ನೂ ಒರಟಾಗಿ ಕೇಳಿಸಿದವು. ಕೂಸಪ್ಪ ನಾಯಿಯ ತಲೆಯನ್ನು ಕಂಬಳಿಯ ಮೇಲಿಳಿಸಿ, ಎದ್ದು, ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ. ಟಾನ್ ಬೇಡಿ ಹಾಕಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ.

ಟ್ಯಾಕ್ಸಿ ಬಂದದ್ದು ಮೂರೂ ಮೂವತ್ತೆಂಟಕ್ಕೆ. ಭೂಮಿ ಕಂಬಳಿಯ ಪಕ್ಕ ಮಂಡಿಯೂರಿ ಬಹಳ ಹೊತ್ತು ಕೂತಳು, ಅಳಲಿಲ್ಲ, ಹರಿದ ಕಿವಿಯನ್ನು ಸವರುತ್ತಲೇ ಇದ್ದಳು. ದ್ವಾರಕನಾಥ್ ಈ ಸಲ ನಾಯಿಯ ಕಡೆ ನೋಡಿದ, ಕಣ್ಣು ಕೀಳಲಿಲ್ಲ. ಅರುಂಧತಿ ಕಾರಿನ ಹತ್ತಿರ ಬಂದಳು.

"ನಿಮ್ಮನ್ನ ನಂಬಿ ಹೇಳಿದ್ದೆ ನಾನು," ಎಂದಳು. "ನೋವಿಲ್ದೆ ಹೋಗ್ಲಿ ಅಂತ ಎಷ್ಟು ಒದ್ದಾಡಿದ್ವಿ ಗೊತ್ತಾ? ಇಡೀ ದಿನ ನೋವು ತಿಂದು ಹೋದ ಅವ್ನು. ನಮ್ಮಗಳ ಮುಖಾನೂ ನೋಡ್ದೆ ಹೋದ. ಯಾಕೆ ಹೀಗೆ ಮಾಡಿದ್ರಿ?"

ಕೂಸಪ್ಪ ತಲೆ ತಗ್ಗಿಸಿದ. ಅರುಂಧತಿ ತಿರುಗಿ ಹೋದಳು. ಅವಳು ಹೋದ ಮೇಲೆ ಭೂಮಿ ಬಂದು ಕಾರಿನ ಕಿಟಕಿಯ ಬಳಿ ನಿಂತಳು. ಟಾನ್ ತಡೆಯಲು ಹೋದ, ವಿಶ್ವಜಿತ್ ಬೇಡವೆಂದು ಕೈಸನ್ನೆ ಮಾಡಿದ.

"ಅಂಕಲ್, ಅವ್ನು ಊಟ ಮಾಡಿದ್ನಾ?"

ಕೂಸಪ್ಪ ಮುಖವೆತ್ತಿದ. "ಉಂಡಿದ್ದಾನೆ ಮಗಾ. ಬೆಳಿಗ್ಗೆ ಬಟ್ಟಲು ತುಂಬ. ಮತ್ತೆ ಇಲ್ಲಿ ಬಂದು ನಾಕು ತುತ್ತು."

"ಪ್ರಾಮಿಸ್?"

"ಪ್ರಾಮಿಸ್."

ಹುಡುಗಿ ತಲೆಯಾಡಿಸಿದಳು. ಅಲ್ಲಿಯವರೆಗೂ ಬಾರದ ಅಳು ಆಗ ಬಂತು. ಅಪ್ಪ ಬಂದು ಎತ್ತಿಕೊಂಡ, ಅವಳು ಎತ್ತಿಕೊಳ್ಳುವ ವಯಸ್ಸು ದಾಟಿದ್ದರೂ.

ಹೇಳಿಕೆ ಬರೆದುಕೊಂಡದ್ದು ಸಂಜೆ ಆರೂ ಹದಿನೈದಕ್ಕೆ. ಪ್ರಶ್ನೆಗಳು ಗಿಡ್ಡ, ಉತ್ತರಗಳೂ ಗಿಡ್ಡ.

"ಕದಿಯೋಕಂತಲೇ ಪಾರ್ಕಿಗೆ ಬಂದ್ರಾ?"

"ಇಲ್ಲ ಸರ್. ಸೋಮವಾರ ಸಾಯಿಸ್ತಾರೆ ಅಂತ ಗೊತ್ತಾಯ್ತಲ್ಲ. ಒಮ್ಮೆ ಕೈಯಾರೆ ಗಂಜಿ ಉಣ್ಣಿಸಿ ಬರುವ ಅಂತ ಬಂದೆ. ಉಣ್ಣಿಸಿದೆ. ಬಟ್ಟಲು ತೊಳೆದೆ. ಇಟ್ಟು ಹೊರಟೆ."

"ಮತ್ತೆ?"

"ಅದು ಎದ್ದಿತು. ಆ ಕಾಲಲ್ಲಿ. ನನ್ನ ಹಿಂದೆ ಬರ್ಲಿಕ್ಕೆ ನೋಡಿತು, ಹಗ್ಗ ಎಳೀತಾ. ಮತ್ತೆ ನನ್ನಿಂದ ಆಗ್ಲಿಲ್ಲ."

"ನಿಮ್ಮ ನಾಯಿ ಅಂತ ಆ ಅಮ್ಮನಿಗೆ ಶುಕ್ರವಾರವೇ ಹೇಳಬಹುದಿತ್ತಲ್ಲ?"

"ಅವ್ರು ಅಳ್ತಾ ಇದ್ರು. ಅಳುವವರ ಎದುರು ನನ್ನದು ಅಂತ ಹೇಗೆ ಹೇಳುದು?"

"ಶೆಲ್ಟರಿಗೆ ಹೋದದ್ದು ಹೇಗೆ?"

ಅದಕ್ಕೆ ಉತ್ತರ ಸ್ವಲ್ಪ ಉದ್ದವಿತ್ತು. ೨೦೨೦ರ ಏಪ್ರಿಲಿನಲ್ಲಿ ರೋಗ ಹರಡಿ ಕಾರ್ಮಿಕರ ಡಾರ್ಮಿಟರಿಗಳ ಬಾಗಿಲು ಹಾಕಿದರು. ಆ ದಿನ ಬೆಳಿಗ್ಗೆ ಕೂಸಪ್ಪ ನಾಯಿಗೆ ಗಂಜಿ ಹಾಕಿ, ಸಂಜೆ ಬರುತ್ತೇನೆ ಎಂದು ಹೇಳಿ, ಊಟಕ್ಕೆಂದು ಡಾರ್ಮಿಟರಿಗೆ ಹೋಗಿದ್ದ. ಹೊರಬಂದದ್ದು ನಾಲ್ಕು ತಿಂಗಳ ಮೇಲೆ. ಯಾರ್ಡಿನಲ್ಲಿ ನಾಯಿಯ ಬಟ್ಟಲಿತ್ತು, ನಾಯಿ ಇರಲಿಲ್ಲ. ಹಸಿದು ಕೂಗುತ್ತಿತ್ತೆಂದು ಯಾರೋ ಪುಣ್ಯವಂತರು ಶೆಲ್ಟರಿಗೆ ಒಯ್ದಿದ್ದರು. ಯಾವ ಶೆಲ್ಟರು, ಯಾರು ಸಾಕಿಕೊಂಡರು, ಯಾರಿಗೂ ಗೊತ್ತಿರಲಿಲ್ಲ. ಇವನನ್ನು ಕೇಳುವವರೂ ಇರಲಿಲ್ಲ. ಐದು ವರ್ಷವಾದ ಮೇಲೆ, ಒಂದು ಬಾಡಿಗೆ ವ್ಯಾನಿಗೆ ಮಾಡು ಕಟ್ಟುತ್ತಿರುವಾಗ, ಹಿಂದಿನಿಂದ ಯಾರೋ ಕಾಲು ನೆಕ್ಕಿದಂತಾಯಿತು.

ವಿಶ್ವಜಿತ್ ಬರೆದದ್ದನ್ನೆಲ್ಲ ಕನ್ನಡದಲ್ಲಿ ಓದಿ ಹೇಳಿದ. ಎಲ್ಲವೂ ಸರಿಯಿದೆ ಎಂದ ಕೂಸಪ್ಪ. ಪೆನ್ನು ತೆಗೆದುಕೊಂಡವನು ಸಹಿ ಹಾಕದೆ ನಿಂತ.

"ಒಂದು ಬಿಟ್ಟು ಹೋಗಿದೆ ಸರ್. ಅವತ್ತು ನಂಗೆ ಹೇಳ್ದೆ ಒಯ್ದರು. ಐದು ವರ್ಷ ನಾನು ಅವರಿಗೆ ಶಾಪ ಹಾಕಿದ್ದೇನೆ, ಯಾರು ಅಂತ ಸಹ ಗೊತ್ತಿಲ್ದೆ. ಇವತ್ತು ಆ ಮಗುವಿಗೆ ಹೇಳ್ದೆ ನಾನು ತಂದೆ. ಅದನ್ನೂ ಬರೀರಿ."

ಹೇಳಿಕೆಯ ನಮೂನೆಯಲ್ಲಿ ಅಂಥದಕ್ಕೆ ಜಾಗವಿಲ್ಲ. ವಿಶ್ವಜಿತ್ ಕೊನೆಯ ಸಾಲಿನ ಕೆಳಗೆ ಅದನ್ನೂ ಬರೆದ. ಕೂಸಪ್ಪ ಸಹಿ ಹಾಕಿದಾಗ ಏಳೂ ಹತ್ತು. ವಶಪಡಿಸಿಕೊಂಡ ಸ್ವತ್ತಿನ ಪಟ್ಟಿಯಲ್ಲಿ ಒಂದು ಕಂಬಳಿ, ಒಂದು ಹಗ್ಗ, ಒಂದು ಸ್ಟೀಲ್ ಬಟ್ಟಲು, ಹನ್ನೊಂದು ಮಾತ್ರೆಗಳು ಉಳಿದ ಒಂದು ಪೊಟ್ಟಣ ಇದ್ದವು. ಬಟ್ಟಲನ್ನು ಬೇಗ ಬಿಡುಗಡೆ ಮಾಡಲು ಸಾಧ್ಯವೇ, ಅದು ಮಗಳಿಗೆ ಬೇಕಂತೆ ಎಂದು ರಾತ್ರಿ ದ್ವಾರಕನಾಥನ ಮೆಸೇಜು ಬಂತು. ವಿಶ್ವಜಿತ್ ಅರ್ಜಿ ಕೊಡಿ ಎಂದು ಬರೆದ.